ಪೋಸ್ಟ್‌ಮಾಸ್ಟರರ ನಾಲ್ಕನೆಯ ಸಾಲು

ನಮ್ಮ ಪೋಸ್ಟ್‌ಮಾಸ್ಟರರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹಳೆಯ ಸರ್ವರ್ ಒಂದರ ತಗಡಿನ ಮುಚ್ಚಳ ಮಾಡಿದ ಗಾಯ. ಅದೇ ಹೆಬ್ಬೆರಳಿನಿಂದ ಅವರು ಗೋಡೆಯ ಸ್ವಿಚ್ ಒತ್ತಿ ಯಂತ್ರವನ್ನು ಏಕಾಏಕಿ ಆರಿಸುತ್ತಿದ್ದುದನ್ನು ಪರ್ತ್‌ನ ಅವರ ಮನೆಯಲ್ಲಿ ಕಂಡಿದ್ದೇನೆ. ಪರೀಕ್ಷೆಗೆಂದು ಕಳಿಸಿದ ಇನ್ನೂರು ಇಮೇಲ್ ಪತ್ರಗಳು ಒಳಬರುತ್ತಿರುವಾಗಲೇ ವಿದ್ಯುತ್ ಕಡಿದು, ಮತ್ತೆ ಹಚ್ಚಿ, ಒಂದೊಂದನ್ನೂ ಎಣಿಸುತ್ತಿದ್ದರು.

"ತಗೊಂಡೆ ಅಂದ್ಮೇಲೆ ಕಳೀಬಾರ್ದು ಸರ್. ಬೇಡ ಅಂದ್ರೆ ಕಳಿಸಿದವ್ರಿಗೆ ಹೇಳ್ಬೇಕು. ಅಂಚೆಗೆ ಇರೋದು ಇವೆರಡೇ ಮರ್ಯಾದೆ."

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಚದುರಿಹೋಗಿದ್ದ ನಮ್ಮದು ಶಾಸನಗಳ ಕಾಲನಿರ್ಣಯದಲ್ಲಿ ಆಸಕ್ತಿಯಿದ್ದ ಸಣ್ಣ ಕನ್ನಡ ಬಳಗ. ನಮ್ಮ ಇಮೇಲ್‌ಗಳೆಲ್ಲ ಅವರ ಮನೆಯ ಯುನಿಕ್ಸ್ ಮಾದರಿಯ ಸರ್ವರ್ ಯಂತ್ರದ ಮೂಲಕ ಹಾಯುತ್ತಿದ್ದವು. ಹಾಗಾಗಿ ಅವರು ನಮಗೆಲ್ಲ ಪೋಸ್ಟ್‌ಮಾಸ್ಟರ್. ಯಂತ್ರದ ಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಟ್ಟಿದ್ದರು. "ನಿಮ್ಮ ಅಡಿಲೇಡ್‌ನ ಅರ್ಧ ಗಂಟೆ ಜಗಳ ನಂಗ್ಯಾಕೆ ಸರ್!" ಎಂದು ಅಡಿಲೇಡ್‌ನವನಾದ ನನ್ನನ್ನು ಛೇಡಿಸುತ್ತಿದ್ದರು; ನಮ್ಮೂರ ಗಡಿಯಾರಕ್ಕೆ ಪೂರ್ತಿ ಗಂಟೆಗಳ ಮೇಲೆ ಇನ್ನೊಂದು ಅರ್ಧ ಗಂಟೆಯ ವ್ಯತ್ಯಾಸ. ದಿನಾಂಕಗಳ ಬಗೆಗಿನ ನನ್ನ ಹಟ ಅವರಿಗೆ ಗೊತ್ತಿತ್ತು.

ಹಳೆಯ ಮೇಲ್ ತಂತ್ರಾಂಶ ಕಾಲಬಾಹಿರವಾದಾಗ ಹೊಸದನ್ನು ಆರಿಸಲು ವಿಡಿಯೊ ಸಭೆ ಸೇರಿದೆವು. ಪೋಸ್ಟ್‌ಮಾಸ್ಟರ್ ಒಂದನ್ನು ಮುಂದಿಟ್ಟರು; ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕ್ಲಿನಿಕ್ ಇಟ್ಟಿದ್ದ ವೈದ್ಯರು ಬೇರೊಂದನ್ನು ಸೂಚಿಸಿದರು.

"ಪೋಸ್ಟ್‌ಮಾಸ್ಟ್ರೇ, ನಿಮ್ದನ್ನ ಅರ್ಥ ಮಾಡ್ಕೊಳ್ಳೋಕೆ ಎಂಬಿಬಿಎಸ್ ಸಾಕಾಗಲ್ಲ ಕಣ್ರೀ. ಇದನ್ನ ಒಂದು ಆರ್ವೋದಲ್ಲಿ, ಒಂದೇ ಮಧ್ಯಾಹ್ನದಲ್ಲಿ ಹಾಕ್ಬಿಡ್ಬಹುದು. ಕಸದಂಥ ಜಂಕ್ ಮೇಲ್ ಒಂದೂ ಕಣ್ಣಿಗೆ ಬೀಳಲ್ಲ."

"ಅದೇ ನಂಗೆ ಭಯ ಡಾಕ್ಟ್ರೇ. ಒಬ್ಬ ಪೇಷೆಂಟನ್ನ ನೋಡಲ್ಲ ಅಂದ್ರೆ ನೀವು ಬಾಗ್ಲಲ್ಲೇ ಹೇಳ್ತೀರ. ಇದು ಒಳಗೆ ಕೂರಿಸಿ, ಹಿತ್ಲ ಬಾಗ್ಲಿಂದ ಎಸೆಯುತ್ತೆ."

ಎಲ್ಲರೂ ನಕ್ಕರು. ಮತಗಳು ಸಮವಾದವು. ಅಧ್ಯಕ್ಷನಾದ ನಾನು, ಸುಲಭವಾದುದೇ ಸಾಕೆಂದು ವೈದ್ಯರ ಕಡೆಗೆ ಮತ ಹಾಕಿದೆ.

ತಾವು ನಂಬದ ತಂತ್ರಾಂಶಕ್ಕೆ ಪೋಸ್ಟ್‌ಮಾಸ್ಟರ್ ಆಗಿರಲಾರೆನೆಂದು ಅವರು ತಮ್ಮ ಇಮೇಲ್ ವಿಳಾಸವನ್ನೂ ಬಿಟ್ಟುಕೊಟ್ಟು ಬಳಗದಿಂದ ಹೊರನಡೆದರು. ಹೊಸ ತಂತ್ರಾಂಶದ ಸಮೇತ ಯಂತ್ರ ಅಡಿಲೇಡ್‌ನ ಸ್ಯಾಲಿಸ್‌ಬರಿಯ ನನ್ನ ಮನೆಗೆ ಬಂತು. ಜೊತೆಗೆ ಕೈಬರಹದ ಸೂಚನೆಗಳ ಒಂದು ಹಾಳೆ. ಮೇಲಿನ ದಿನಾಂಕಕ್ಕೂ ವಾರಕ್ಕೂ ತಾಳೆಯಿರಲಿಲ್ಲ. ಸಭೆಯ ನಡಾವಳಿಯೊಡನೆ ಹೋಲಿಸಿ, ಪೆನ್ಸಿಲ್‌ನಲ್ಲಿ ತಿದ್ದಿ, ಕಡತಕ್ಕೆ ಸೇರಿಸಿದೆ. ಕೆಳಗಿನದನ್ನು ಓದಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಅವರಿಂದ ಸುದ್ದಿಯಿಲ್ಲ. ಮುನಿಸು ಎಂದುಕೊಂಡೆ, ಕಿರಿಯರಾದ ಅವರೇ ಮೊದಲು ಬರೆಯಲಿ ಎಂಬ ಬಿಗುಮಾನದಲ್ಲಿ ಫೋನನ್ನೂ ಮಾಡಲಿಲ್ಲ. ಕೊನೆಗೆ ಫೋನ್ ಬಂದದ್ದು ಅವರ ಹೆಂಡತಿಯಿಂದ. ಪೋಸ್ಟ್‌ಮಾಸ್ಟರ್ ತೀರಿಕೊಂಡು ಒಂಬತ್ತು ದಿನವಾಗಿತ್ತು.

"ಅಂಕಲ್, ಆಸ್ಪತ್ರೆಯಿಂದ ನಿಮಗೆ ಎರಡು ಸಲ ಬರೆದಿದ್ರು. ರಿಪ್ಲೈ ಬಂತಾ ನೋಡು ಅಂತ ದಿನಾ ಕೇಳೋರು."

"ನನಗೆ ಬಂದಿಲ್ಲಮ್ಮ."

"ನನ್ ಮೊಬೈಲಿಂದಾನೇ ಕಳ್ಸಿದ್ದು. ಇಲ್ಲೇ ಇದೆ, ಫಾರ್ವರ್ಡ್ ಮಾಡ್ತೀನಿ ಇರಿ."

ಕಾದೆ. ಅದೂ ಬರಲಿಲ್ಲ. ಕಡೆಗೆ ಆಕೆಯೇ ಓದಿದರು. ಮೊದಲನೆಯದು ಚಿಕ್ಕದು: "ಸರ್, ತುಂಬ ದಿನ ಉಳಿದಿಲ್ಲ ಅಂತಾರೆ. ಒಂದ್ಸಲ ಬಂದು ಹೋಗಿ." ಎರಡನೆಯದು:

"ಸರ್, ನನ್ನ ಪತ್ರ ವಾಪಸ್ ಬರ್ಲಿಲ್ಲ. ಯಂತ್ರದ ಜೊತೆ ಕೊಟ್ಟ ಹಾಳೆಯ ನಾಲ್ಕನೇ ಸಾಲಲ್ಲಿ ಬರೆದಿದ್ದನ್ನ ನೀವು ಮಾಡೇ ಇರ್ತೀರ, ಹಾಗಾಗಿ ನಿಮಗೆ ತಲುಪಿರುತ್ತೆ. ಬರೋದು ಬೇಡ ಅನ್ಸಿದ್ರೆ ಪರವಾಗಿಲ್ಲ."

ಕಡತ ತೆಗೆದೆ. ನಾಲ್ಕನೆಯ ಸಾಲು: "ಜಂಕ್ ಅನ್ನಿಸಿದ ಪತ್ರವನ್ನು ಯಂತ್ರ ಸದ್ದಿಲ್ಲದೆ ಎಸೆಯುತ್ತದೆ. ಮೊದಲು ಇದನ್ನು ಬದಲಿಸಿ. ವಾಪಸ್ ಕಳಿಸುವಂತೆ ಮಾಡಿ." ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಒಂದು ಪದದ ತಿದ್ದುಪಡಿ. ಮಾಡಿದ್ದರೆ ಪತ್ರ ಹಿಂದಿರುಗುತ್ತಿತ್ತು, ಅವರು ಫೋನ್ ಮಾಡುತ್ತಿದ್ದರು, ನಾನು ಪರ್ತ್‌ಗೆ ಹೊರಡುತ್ತಿದ್ದೆ.

ಸಂತಾಪ ಸಭೆಯಲ್ಲಿ ವೈದ್ಯರು ಅವರ ನಿಷ್ಠೆಯನ್ನು ಹೊಗಳಿದರು. ನಾನು ಮನೆಗೆ ಬಂದು ಯಂತ್ರದ ದಾಖಲೆ ತೆರೆದೆ. ಅದರಲ್ಲಿ ಆ ಎರಡು ಪತ್ರಗಳಿಗೂ ಒಂದೊಂದು ಸಾಲಿದೆ: ಯಂತ್ರಕ್ಕೆ ಪರಿಚಯವಿಲ್ಲದ ಅವರ ಹೆಂಡತಿಯ ವಿಳಾಸ, ವೇಳೆ, 'ಎಸೆಯಲಾಗಿದೆ'. ಗ್ರೀನಿಚ್ ವೇಳೆಗೆ ಅಡಿಲೇಡ್‌ನ ಗಂಟೆಗಳನ್ನೂ ಆ ಅರ್ಧ ಗಂಟೆಯನ್ನೂ ಸೇರಿಸಿ ನನ್ನ ದಿನಚರಿಯೊಡನೆ ತಾಳೆ ನೋಡಿದೆ. ಎರಡು ಸಲವೂ ನಾನು ಅದೇ ಯಂತ್ರದ ಪಕ್ಕದ ಮೇಜಿನಲ್ಲಿ ಕುಳಿತು, ಯಾರದೋ ಲೇಖನದ ದಿನಾಂಕಗಳನ್ನು ತಿದ್ದುತ್ತಿದ್ದೆ.