ಶ್ರುತಿ ಹಿಡಿದ ತಾಯವ್ವ

ಬನಹಟ್ಟಿಯ ತಾಯವ್ವ ಇಪ್ಪತ್ತೆರಡು ವರ್ಷಗಳ ಕಾಲ ಒಂದೇ ಒಂದು ಸ್ವರವನ್ನು ಊದಿದಳು. ಸನಾದಿ ಮೇಳದಲ್ಲಿ ಮುಂದೆ ಕುಳಿತವನು ರಾಗ ನುಡಿಸುತ್ತಾನೆ. ಹಿಂದೆ ಕುಳಿತವರು ಅಂಥದೇ ಇನ್ನೊಂದು ವಾದ್ಯದ ರಂಧ್ರಗಳನ್ನು ಮೇಣದಿಂದ ಮುಚ್ಚಿ, ಆಧಾರದ ಸ್ವರವನ್ನು ಎಡೆಬಿಡದೆ ಊದುತ್ತಿರಬೇಕು. ಇದಕ್ಕೆ ಶ್ರುತಿ ಹಿಡಿಯುವುದು ಎನ್ನುತ್ತಾರೆ. ಮುಂದಿನವನು ನಡುವೆ ವಾದ್ಯ ಕೆಳಗಿಟ್ಟು ಎಲೆಯಡಿಕೆ ಹಾಕಿಕೊಂಡಾನು; ಶ್ರುತಿ ಹಿಡಿದವರು ಉಸಿರಿಗಾಗಿಯೂ ನಿಲ್ಲುವಂತಿಲ್ಲ.

ಈ ಕೆಲಸ ಅವಳಿಗೆ ಆಸೆಯಿಂದ ಬಂದದ್ದಲ್ಲ. ಶ್ರುತಿ ಹಿಡಿಯುತ್ತಿದ್ದ ಗಂಡ ದುರಗೇಶ ತೀರಿಕೊಂಡಾಗ ಮಾವ ಗೂಳಪ್ಪನ ಮೇಳಕ್ಕೆ ಬೇರೆ ಯಾರೂ ಸಿಗಲಿಲ್ಲ. ಮುದುಕನು ಸೊಸೆಯ ಮುಂದೆ ಒಂದು ತಂಬಿಗೆ ನೀರನ್ನೂ ಪಪ್ಪಾಯಿ ಎಲೆಯ ಪೊಳ್ಳು ದಂಟನ್ನೂ ಇಟ್ಟನು. ದಂಟಿನಿಂದ ನೀರಿನೊಳಗೆ ಊದುತ್ತಿರಬೇಕು. ಮೂಗಿನಿಂದ ಉಸಿರೆಳೆದುಕೊಳ್ಳುವಾಗಲೂ ಗುಳ್ಳೆ ನಿಲ್ಲಬಾರದು. ಮೂರು ತಿಂಗಳಲ್ಲಿ ಗುಳ್ಳೆ ನಿಲ್ಲದಾಯಿತು. ಹೆಂಗಸು ಸನಾದಿ ಹಿಡಿದಳೆಂದು ಓಣಿಯಲ್ಲಿ ನಕ್ಕವರಿಗೆ ಗೂಳಪ್ಪನು ತಂಬಿಗೆಯನ್ನು ತೋರಿಸಿ, "ಬರ್ರಿ, ನೀವು ಗಂಡಸರು ಗುಳ್ಳಿ ಎಬ್ಬಿಸ್ರಿ ನೋಡೂಣು" ಎನ್ನುತ್ತಿದ್ದನು. ಅವನು ಹೋದ ಮೇಲೆ ಅವಳ ಪರವಾಗಿ ಮಾತಾಡುವವರು ಉಳಿಯಲಿಲ್ಲ.

ಮೇಳ ಮೈದುನ ದಶರಥನ ಕೈಗೆ ಬಂದಿತು. ಅವನ ಬೆರಳು ಒಳ್ಳೆಯದು, ನಾಲಿಗೆ ಕೆಟ್ಟದು. ಕಳೆದ ಚಳಿಗಾಲದಲ್ಲಿ ಅವನು ಕರೆಂಟಿನಿಂದ ನಡೆಯುವ ಶ್ರುತಿಪೆಟ್ಟಿಗೆಯೊಂದನ್ನು ಕೊಂಡು ತಂದನು.

"ವೈನಿ, ಇದಕ್ಕ ಊಟ ಬ್ಯಾಡ, ಬಸ್ಸಿನ್ಯಾಗ ಸೀಟ್ ಬ್ಯಾಡ, ಸೊಂಟಾನೂ ನೋಯಂಗಿಲ್ಲ. ಯುಗಾದಿ ದಾಟಿದ ಮ್ಯಾಲೆ ನೀ ಮನ್ಯಾಗ ಇರು."

"ಅದು ನಿನ್ನ ಮಾತ ಕೇಳತೈತೇನು?"

"ನೀ ಕೇಳತಿಯೇನು? ಅದಕ್ಕ ಬಾಯಿ ಇಲ್ಲ. ಅದ ಛಲೋ."

ಮಾರ್ಚ್ ತಿಂಗಳ ಒಂದು ಭಾನುವಾರ ಜಮಖಂಡಿಯ ಮಂಗಲ ಕಾರ್ಯಾಲಯವೊಂದರಲ್ಲಿ ಸನಾದಿಯವರ ಕೂಟ ನಡೆಯಿತು. ಕರೆಯೋಲೆಯನ್ನು ಬರೆದುಕೊಡುವ ಕೆಲಸ ಶಾಲೆಯ ಮಾಸ್ತರನಾದ ನನಗೆ ಬಂದಿತ್ತು. ಹೆಣ್ಣು ಗಂಡು, ಹಳಬರು ಹೊಸಬರು, ಯಾವ ಓಣಿಯವರೇ ಆಗಲಿ, ಸನಾದಿಗೆ ಉಸಿರು ಕೊಡುವ ಎಲ್ಲರೂ ಬನ್ನಿರಿ ಎಂದು ಬರೆದಿದ್ದೆನು. ಬಂದವರು ತಮ್ಮ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಿ, ಊದಿ ತೋರಿಸಬೇಕು. ತಾಯವ್ವ ಹೆಸರು ಕೊಟ್ಟಳು. ನಲವತ್ತು ಜನರಲ್ಲಿ ಅವಳೊಬ್ಬಳೇ ಹೆಂಗಸು. ಶ್ರುತಿಯ ಬಗ್ಗೆ ಮಾತಾಡಲು ಹೆಸರು ಕೊಟ್ಟವಳೂ ಅವಳೊಬ್ಬಳೇ. ಹತ್ತು ಮೇಳಗಳ ಮುಂದೆ ತನ್ನ ಕೆಲಸ ಏನೆಂದು ತೋರಿಸಿದರೆ ಮೈದುನನು ತನ್ನನ್ನು ಬಿಡಲಾರನು ಎಂಬುದು ಅವಳ ಎಣಿಕೆ.

ಅವಳ ಸರದಿಯನ್ನು ಊಟಕ್ಕೆ ಮೊದಲು, ಎಲ್ಲರ ಕೊನೆಗೆ ಹಾಕಿದ್ದರು. ಅದಕ್ಕೆ ಮುಂಚೆ ದಶರಥನು ಅರ್ಧ ತಾಸು ನುಡಿಸಿದನು. ಹಿಂದೆ ಶ್ರುತಿ ಹಿಡಿದವಳು ಅವಳೇ. ಜನರು ತಲೆದೂಗಿದರು. ಅವನು ಮುಗಿಸಿ, ಅವಳ ಹೆಸರು ಕರೆದೊಡನೆ ಅರ್ಧ ಸಭೆ ಊಟಕ್ಕೆಂದು ಎದ್ದು ನಿಂತಿತು.

"ಶ್ರುತಿಯವರು ಏನ ಹೇಳತಾರ್ರಿ? ಪೋಂ ಅಂತಾರ," ಎಂದನು ಸಾವಳಗಿಯ ಮೇಳದ ಯಜಮಾನ ಗುರಪ್ಪ. "ಪೋಂ ಕೇಳಾಕ ಸಾವಳಗಿಯಿಂದ ಬಂದೇವೇನು?"

"ನಮ್ಮ ಓಣ್ಯಾಗಿನ ಲಾರಿನೂ ಇಷ್ಟ ಛಲೋ ಊದತೈತಿ," ಎಂದು ಹಿಂದಿನಿಂದ ಒಬ್ಬನು ಹೇಳಿದನು. ನಗೆ ಎದ್ದಿತು.

ತಾಯವ್ವ ನಗೆ ಮುಗಿಯುವವರೆಗೆ ಕಾದಳು. "ನಾ ಹೇಳೂದು ಭಾಳಿಲ್ರಿ. ಈಗ ನೀವು ನಮ್ಮ ಮೈದುನನ ಸನಾದಿ ಕೇಳಿದ್ರಿ. ತುಟಿ ದಣಿದಂಗ ಅವನ ಸ್ವರ ಒಂದು ಎಳಿಯಷ್ಟು ಕೆಳಗ ಸರೀತೈತಿ. ಎಲ್ಲಾರ್ದೂ ಸರೀತೈತಿ. ಆವಾಗ ನಾ ತುಟಿ ಸಡಿಲ ಬಿಟ್ಟು ಅವನ ಕೂಡ ಇಳೀತೀನಿ. ಅದಕ್ಕ ನಿಮಗ ಗೊತ್ತಾಗಂಗಿಲ್ಲ. ಅದ ನನ್ನ ಕೆಲಸ. ಪೆಟ್ಟಿಗಿ ಇಳಿಯಂಗಿಲ್ಲ."

"ಯಾರ ಸ್ವರ ಸರೀತೈತಿ?" ಎಂದು ದಶರಥನು ಎದ್ದನು.

"ನಿಂದ."

"ತೋರ್ಸು."

ಎದ್ದು ನಿಂತವರು ಮತ್ತೆ ಕುಳಿತರು. ಜಗಳವೆಂದ ಮೇಲೆ ಊಟದ ಅವಸರ ಯಾರಿಗೂ ಇರಲಿಲ್ಲ.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ಬ್ಯಾಡಂದ್ರ ಬಿಡತೀನಿ, ದಶರಥ. ಪೆಟ್ಟಿಗಿ ಮೇಳಕ್ಕ ತರಂಗಿಲ್ಲ ಅಂತ ಒಂದು ಮಾತ ಹೇಳು, ಸಾಕು."

"ಹೆದರಿದಿ," ಎಂದು ಅವನು ಸಭೆಯ ಕಡೆ ತಿರುಗಿ ನಕ್ಕನು.

ಆಗ ಅವಳು ಸಭೆಗೆ ಕೇಳುವಂತೆ ಹೇಳಿದಳು: "ನಾ ಎಡಗೈ ಎತ್ತೂತನಕಾ ಅವನ ಕೂಡ ಇರತೀನಿ. ಎತ್ತಿದ ಮ್ಯಾಲೆ ಇದ್ದಲ್ಲೇ ನಿಂದರತೀನಿ. ಕೇಳ್ರಿ."

ಇಬ್ಬರೂ ಊದಿದರು. ದಶರಥನು ಸಿಟ್ಟಿನಿಂದ ನುಡಿಸಿದನು, ಬೇಕಾದುದಕ್ಕಿಂತ ಬಿರುಸಾಗಿ. ಆದರೂ ಚೆನ್ನಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳ ಎಡಗೈ ಮೇಲೆ ಹೋಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಅನ್ನದಲ್ಲಿ ಉಸುಕು ಹಲ್ಲಿಗೆ ಸಿಕ್ಕಂತಾಯಿತು. ಅವನು ಸ್ವರವನ್ನು ಮೇಲೆತ್ತಲು ನೋಡಿದನು. ದಣಿದ ತುಟಿ ಕೇಳಲಿಲ್ಲ. ಉಸುಕು ಹೆಚ್ಚಿತು. ಗುರಪ್ಪ ಮುಖ ತಗ್ಗಿಸಿದನು. ದಶರಥನು ತಟ್ಟನೆ ನಿಲ್ಲಿಸಿದನು. ಅವಳ ಸ್ವರವೊಂದೇ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮ ತಮ್ಮ ಸ್ವರ ಸರಿಯುವುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

"ಉಂಡ ಮನಿ ಗಳ ಎಣಿಸಿದಿ, ವೈನಿ," ಎಂದನು ದಶರಥ. "ಇನ್ನ ನಮ್ಮ ಮೇಳದಾಗ ನಿನಗ ಜಾಗ ಇಲ್ಲ."

"ಮೊದಲ ಎಲ್ಲಿತ್ತು?"

ಊಟದ ಪಂಕ್ತಿಯಲ್ಲಿ ಅವಳ ಎರಡೂ ಪಕ್ಕದ ಎಲೆಗಳು ಖಾಲಿಯಾಗಿದ್ದವು. ಗುರಪ್ಪನೊಬ್ಬನು ಮಜ್ಜಿಗೆಯ ಲೋಟ ಹಿಡಿದು ಬಂದು ನಿಂತನು.

"ಕೆಲಸ ಖರೆ ಐತಿ, ತಾಯವ್ವ. ಅಂಥಾ ಕಿವಿ ನಮ್ಮ ಮೇಳದಾಗ ಯಾರಿಗೂ ಇಲ್ಲ."

"ಹಂಗಾದ್ರ ಕರೀರಿ, ಬರತೀನಿ."

"ಹ್ಯಾಂಗ ಕರೀಲಿ? ನಾಳಿ ನನ್ನೂ ನಿಂದರಿಸಿ ತೋರಸ್ತಿ," ಎಂದು ಹೇಳಿ ಅವನು ಹೊರಟುಹೋದನು.

ಈಗ ಅವಳು ಮಗ್ಗದ ಮನೆಯೊಂದರಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾಳೆ. ದಶರಥನ ಮೇಳ ಪೆಟ್ಟಿಗೆಯೊಡನೆ ತಿರುಗುತ್ತಿದೆ. ಮುಧೋಳ, ಬೀಳಗಿಯ ಕಡೆಯಿಂದಲೂ ಮದುವೆಯ ಕರೆಗಳು ಬರುತ್ತವೆ. ಮೊನ್ನೆ ಅವಳನ್ನು ಕಂಡಾಗ, ಪೆಟ್ಟಿಗೆಗೂ ಅವನಿಗೂ ಹೊಂದದಿರುವುದು ಜನರಿಗೆ ತಿಳಿಯುವುದಿಲ್ಲವೇ ಎಂದು ಕೇಳಿದೆನು.

"ಮದವ್ಯಾಗ ಉಣ್ಣೋರಿಗೆ ಏನ ತಿಳೀತೈತ್ರಿ, ಮಾಸ್ತರ್ರ? ಹುಗ್ಗಿ ಬಿಸಿ ಇದ್ರ ಆತು." ಅವಳು ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿದಳು. "ಅವಂಗ ತಿಳೀತೈತಿ. ಇಷ್ಟು ವರ್ಷ ಅವನ ಕಿವಿಗೂ ಬೀಳದಂಗ ನಾ ಮುಚ್ಚಿದ್ದೆ. ಈಗ ಊದಿದಾಗೊಮ್ಮೆ ಕೇಳಸತೈತಿ."