ಕಾರಿಗೆ ತುಂಬಿದ ಉಡಿ

೧೯೯೪ರಲ್ಲಿ, ಎಂಟನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಬಸವನ ಬಾಗೇವಾಡಿಯಲ್ಲಿ ಟ್ರ್ಯಾಕ್ಟರ್ ದೀಪಗಳಿಗೆ ವೈರ್ ಎಳೆಯುತ್ತ ಕೆಲಸ ಕಲಿತು, ಮುಂದೆ ಸಿಂದಗಿಯಲ್ಲಿ ಸ್ವಂತ ಗ್ಯಾರೇಜು ಹಾಕಿದೆ. ಸುತ್ತಲಿನ ಊರುಗಳಲ್ಲಿ ಸೆಂಟ್ರಲ್ ಲಾಕ್ ಕೆಟ್ಟ ಕಾರು ಎಲ್ಲೆಲ್ಲಿ ತಿರುಗಿದರೂ ಕಡೆಗೆ ನನ್ನ ಹತ್ತಿರವೇ ಬರುತ್ತದೆ. ಇದ್ದದ್ದನ್ನು ಹೇಳಿದೆ, ಅಷ್ಟೆ.

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ ಕನ್ನೊಳ್ಳಿಯ ಒಬ್ಬ ಗೌಡರು ಕಾರು ತಂದು ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿಯ ಮಗ, ಹಿಂದೆ ಗೌಡರ ವಯಸ್ಸಾದ ತಾಯಿ. ಮಗನಿಗೆ ಕನ್ಯೆ ನೋಡಲು ನಾಲತವಾಡಕ್ಕೆ ಹೊರಟಿದ್ದರು. ಹನ್ನೆರಡಕ್ಕೆ ರಾಹುಕಾಲ. ಅದಕ್ಕೂ ಮೊದಲು ಹುಡುಗಿಯ ಮನೆಯ ಹೊಸ್ತಿಲು ತುಳಿಯಬೇಕು.

"ಬಾಗಿಲಾ ಹಾಕಿದ್ರೂ ತೆರದೈತಿ ಅಂತ ಕುಂಯ್ ಕುಂಯ್ ಅಂತೈತ್ರಿ," ಎಂದರು ಗೌಡರು. "ಲಾಕ್ ಮಾಡಿದ್ರ ತಾನ ತೆರಕೋತೈತಿ. ಮತ್ತ ಒಮ್ಮೊಮ್ಮಿ ತೆರಿ ಅಂದ್ರ ತೆರಿಯಂಗಿಲ್ಲ. ಹೋದ ತಿಂಗಳ ಇಂಡಿಗೆ ಕನ್ಯಾ ನೋಡಾಕ ಹೋದಾಗ ಇಂವಾ ಹಿಂದ ಕುಂತಿದ್ದ..."

"ಅಪ್ಪಾ, ಅದನ್ಯಾಕ ಹೇಳ್ತಿ," ಎಂದ ಮಗ.

"ಡಾಕ್ಟರ್ ಮುಂದ ಮುಚ್ಚಿಡಬಾರದಪಾ. ಖಿಡಕ್ಯಾಗಿಂದ ಇಳದಾನ್ರಿ. ತಲಿ ಮೊದಲ. ಬೀಗರಾಗೋರು ಆರತಿ ಹಿಡ್ಕೊಂಡು ನಿಂತಿದ್ರು."

ಆ ಸಂಬಂಧ ಅಲ್ಲಿಗೇ ಮುರಿದಿತ್ತು. ಇವತ್ತೂ ಹಾಗಾದರೆ ಖಿಡಕಿಯ ವರ ಎಂದು ಜಿಲ್ಲೆಗೆಲ್ಲ ಹೆಸರಾಗುತ್ತದೆ ಎಂಬ ಹೆದರಿಕೆ ಹುಡುಗನ ಮುಖದಲ್ಲೇ ಇತ್ತು.

ನಾನು ಮುಟ್ಟುವ ಮೊದಲೇ ಹೇಳಿಬಿಟ್ಟೆ, ಬಾಗಿಲಿನ ಸಂದಿಯ ರಬ್ಬರ್ ಕೊಳವೆಯಲ್ಲಿ ವೈರ್ ಹರಿದಿದೆ ಎಂದು. ಕೊಳವೆ ಬಿಚ್ಚಿದೆ. ವೈರ್ ಹೊಸ ಮದುವಣಗಿತ್ತಿಯ ಜಡೆಯಂತೆ ನೆಟ್ಟಗಿತ್ತು. ಕೆಮ್ಮಿ, ತಿರುಗಿ ಮುಚ್ಚಿದೆ.

ಆಮೇಲೆ ಕ್ರಮವಾಗಿ ನಡೆದೆ. ಬಾಗಿಲು ತೆರೆದಿಟ್ಟು, ಅದರ ಅಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಬಾಗಿಲು ಮುಚ್ಚಿತೆಂದು ಕಾರು ತಿಳಿಯುತ್ತದೆ, ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಆ ಬಾಗಿಲಿನ ದೀಪ ಆರುತ್ತದೆ. ಹಿಡಿಕೆ ಎಳೆದರೆ ಕೊಂಡಿ ಬಿಟ್ಟುಕೊಳ್ಳುತ್ತದೆ. ಮೂರು ಬಾಗಿಲಿಗೆ ದೀಪ ಆರಿತು. ಅಜ್ಜಿ ಕುಳಿತ ಹಿಂದಿನ ಎಡ ಬಾಗಿಲಿಗೆ ಆರಲಿಲ್ಲ. ಅದರ ಕೊಂಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಸೆನ್ಸರ್ ಇರುವುದು ಆ ಕೊಂಡಿಯ ಒಳಗೇ.

ಒಳಹಲಗೆ ಬಿಚ್ಚಿದೆ. ಸರಕ್ಕನೆ ಆ ಹಲಗೆಯೊಳಕ್ಕೇ ಅಕ್ಕಿ ಸುರಿಯಿತು. ಹಿಂದೆಯೇ ಉತ್ತತ್ತಿ, ಅರಿಶಿನ ಕೊಂಬು, ಕೊಬ್ಬರಿ ಚೂರು. ಕೊಂಡಿಯ ತುಂಬ ಬೆಲ್ಲ ಕರಗಿ ಅಕ್ಕಿಯನ್ನು ಅಂಟಿಸಿಕೊಂಡು ಕೂತಿತ್ತು, ಇರುವೆಗಳು ಸಂಸಾರ ಹೂಡಿದ್ದವು.

ಗೌಡರು ತಾಯಿಯ ಕಡೆ ನೋಡಿದರು. "ಯವ್ವಾ, ಏನಿದು?"

"ಉಡಿ," ಎಂದರು ಅಜ್ಜಿ, ಇದೂ ಗೊತ್ತಿಲ್ಲವೇ ಎಂಬಂತೆ. "ಮನಿಗೆ ಹೊಸಾ ಲಕ್ಷ್ಮಿ ಬಂದ್ರ ಉಡಿ ತುಂಬೂದಿಲ್ಲೇನು? ಇಕಿಗೆ ಸೀರಿಲ್ಲ, ಸೆರಗಿಲ್ಲ. ಗ್ಲಾಸಿನ ಸಂದ್ಯಾಗ ಹಾಕೇನಿ. ಹುಣ್ಣಿವಿಗೊಮ್ಮಿ."

"ಪ್ರತಿ ಹುಣ್ಣಿವಿಗೆ?"

"ಒಂದ ಸಲ ತುಂಬಿ ಬಿಡಾಕ ಇಕಿ ಏನ್ ಬೀಗರ ಮನ್ಯಾಕಿ?"

ನಾನು ಬ್ರಷ್ ತೆಗೆದುಕೊಂಡೆ. ಅಜ್ಜಿ ಕೈ ಅಡ್ಡ ಹಿಡಿದರು. "ಉಡಿ ಅಕ್ಕಿಗೆ ಗಂಡಸೂರು ಕೈ ಹಚ್ಚಬಾರ್ದು. ನೆಲಕ್ಕ ಚೆಲ್ಲಬಾರ್ದು. ಮುತ್ತೈದಿನ ಕರಸು."

"ಯವ್ವಾ, ಹೊತ್ತಾಗೂದು," ಎಂದರು ಗೌಡರು.

"ಹೊತ್ತಾದ್ರ ಆಗ್ಲಿ. ಲಕ್ಷ್ಮಿನ ಸಿಟ್ಟಿಗೆಬ್ಬಿಸಿ ಕನ್ಯಾ ನೋಡಾಕ ಹೊಂಟೀರೇನು?"

ಗೌಡರು ನನ್ನ ಕಡೆ ನೋಡಿದರು, ನಾನು ಗಡಿಯಾರದ ಕಡೆ ನೋಡಿದೆ, ಹೆಂಡತಿಗೆ ಫೋನು ಮಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಅಜ್ಜಿ ಮೊದಲು ಅವಳಿಗೆ ಕುಂಕುಮ ಹಚ್ಚಿದರು. ನಾನು ಟಾರ್ಚ್ ಹಿಡಿದು ನಿಂತೆ. ಅವಳು ಹಲಗೆಯಲ್ಲಿ ಬಿದ್ದದ್ದನ್ನು ಬಾಚಿ, ತಲೆಯ ಪಿನ್ನು ತೆಗೆದು ಕೊಂಡಿಯೊಳಗಿಂದ ಒಂದೊಂದೇ ಕಾಳು ಹೆಕ್ಕಿ ಸೆರಗಿಗೆ ಹಾಕಿಕೊಂಡಳು.

"ಇಷ್ಟ ವರ್ಷ ವೈರು ವೈರು ಅಂತೀರಿ. ನನ್ನ ಪಿನ್ನಿನ ಕೆಲಸ ಇದು," ಎಂದಳು.

"ಟಾರ್ಚ್ ಹಿಡಿಯೂದೂ ಒಂದು ಕಸಬ ಐತಿ," ಎಂದೆ.

ಬೆಲ್ಲವನ್ನು ಬಿಸಿನೀರಿನ ಬಟ್ಟೆಯಿಂದ ನಾನೇ ಒರೆಸಿದೆ. ಬೆಲ್ಲಕ್ಕೆ ನಿರ್ಬಂಧ ಇರಲಿಲ್ಲ. ಒಣಗಿಸಿ, ಎಣ್ಣೆ ಬಿಟ್ಟು ಕೊಂಡಿ ಒತ್ತಿದೆ. ದೀಪ ಆರಿತು. ಹುಡುಗ ಆ ಬಾಗಿಲನ್ನು ಎಷ್ಟೋ ಸಲ ತೆರೆದು ಮುಚ್ಚಿದ, ಸಾಕೆಂದು ಅವನ ಅಪ್ಪನೇ ಕೈ ಹಿಡಿಯುವ ತನಕ. ಸೆರಗಿನ ಅಕ್ಕಿ ನನ್ನ ಹೆಂಡತಿಗೇ ಉಳಿಯಿತು. ಸಂಜೆ ಅದರಿಂದ ಹುಗ್ಗಿ ಮಾಡಿದಳು.

ಮಧ್ಯಾಹ್ನ ಗೌಡರ ಫೋನು ಬಂತು. "ಮುದ್ದೇಬಿಹಾಳದಾಗ ಚಾಕ್ಕೂ ನಿಲ್ಲಲಿಲ್ರಿ. ಹನ್ನೆರಡಕ್ಕ ಸ್ವಲ್ಪ ಮೊದಲ ಮುಟ್ಟಿದಿವಿ. ಬಾಗಿಲಾ ತೆರೀತು. ಆದ್ರ ಇಂಡಿ ಸುದ್ದಿ ನಮ್ಮಕಿಂತ ಮೊದಲ ಮುಟ್ಟಿತ್ತು."

"ಏನಂದ್ರು?"

"ಹುಡುಗಿ ತಾನ ಕೇಳಿದ್ಳು, ಖಿಡಕ್ಯಾಗಿಂದ ಇಳದೋರು ನೀವ ಏನ್ರಿ ಅಂತ. ಇಂವಾ ಹೌದ್ರಿ ಅಂದ. ನಕ್ಕೋತ ಒಳಗ ಹೋದ್ಳು. ಒಳಗಿಂದ ಒಪ್ಪಿಗಿ ಸಕ್ಕರಿ ಬಂತು ನೋಡ್ರಿ."

ಮದುವೆ ಬೇಸಿಗೆಯಲ್ಲಿ ಆಯಿತು. ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ನನ್ನ ತಲೆಗೆ ಪಟಗ ಸುತ್ತಿ ಆಯೇರಿ ಮಾಡಿದರು.

ಈಗ ನನ್ನ ಹತ್ತಿರ ಎರಡು ಶೆಡ್ಡು, ಒಂದು ಸ್ಕ್ಯಾನರ್, ಮೂರು ಮೀಟರು, ಒಂದು ಎಮ್ಮೆ, ಆ ಮದುವೆಯ ಒಂದು ಕೆಂಪು ಪಟಗ ಇವೆ.