ಬಾಯಾಡಿಸದೆ ಮಾಡಿದ ಲೆಕ್ಕ

ಮೊಮ್ಮಗಳು ಬ್ಯಾಂಕಿನ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ತಯಾರಿ ಎಂದರೆ ಮೊಬೈಲಿನಲ್ಲಿ ಒಂದು ಗಡಿಯಾರವನ್ನು ಓಡಲು ಬಿಟ್ಟು ಅದರ ಜೊತೆ ಜಗಳವಾಡುವುದು. ತೊಟ್ಟಿಗೆ ಒಂದು ಕೊಳವೆ ನೀರು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು? ಎರಡನ್ನೂ ಒಟ್ಟಿಗೆ ತೆರೆದಿಟ್ಟ ಆ ಪುಣ್ಯಾತ್ಮ ಯಾರೆಂದು ನನ್ನ ಕಾಲದಲ್ಲೂ ಯಾರೂ ಹೇಳಲಿಲ್ಲ. ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳ ಎದುರು ಕೂತಿದ್ದೆ. ಲೆಕ್ಕ ಮಾಡುವಾಗ ಅವಳ ತುಟಿ ಅಲುಗುತ್ತಿತ್ತು. ಸದ್ದಿಲ್ಲ, ಬರೀ ತುಟಿ.

"ಬಾಯಾಡಿಸಬೇಡ!" ಎಂದುಬಿಟ್ಟೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ.

"ಏನ್ ತಾತಾ, ನನ್ ಬಾಯಿ ನಿಂಗೇನ್ ಪಣ್ಣುಚ್ಚು?" ಎಂದು ನಕ್ಕಳು.

ಅವಳ ಬಾಯಿ ನನಗೇನೂ ಮಾಡಿಲ್ಲ. ಇನ್ನೊಬ್ಬನ ಬಾಯಿಗೆ ನಾನು ಏನು ಮಾಡಿದೆ ಎನ್ನುವುದನ್ನು ನಿಮಗೆ ಹೇಳಬೇಕು. ಕ್ಷಮಿಸಿ ಎಂದು ಕೇಳುವುದಕ್ಕಲ್ಲ. ಕ್ಷಮಿಸಬೇಕಾದವನು ತೀರಿಕೊಂಡು ವರ್ಷಗಳಾದವು.

ತಮಿಳು ಸೀಮೆಯಲ್ಲಿ, ಸಿಂಗಾನಲ್ಲೂರಿನ ಆಚೆ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬೆಳಗಾದರೆ ಬೀದಿಯ ಉದ್ದಕ್ಕೂ ನೂಲಿನ ಹಾಸು ಎಳೆದು ಕಟ್ಟಿ ಗಂಜಿ ಬಳಿಯುತ್ತಿದ್ದರು. ಬಿಸಿಲು ಏರುವ ಮೊದಲು ಎಳೆ ಎಣಿಸಿ ಮುಗಿಯಬೇಕು. ಒಬ್ಬ ಹಾಡಿದ ಹಾಗೆ ಎಣಿಕೆ ಕೂಗುವುದು, ಇನ್ನೊಬ್ಬ ಆ ತುದಿಯಿಂದ "ಆಯ್ತು" ಎನ್ನುವುದು. ಮೊದಲನೆಯದಕ್ಕೆ ಯಾರೂ ಒಂದು ಎನ್ನುತ್ತಿರಲಿಲ್ಲ. ಲಾಭ ಎನ್ನಬೇಕು. ಲಾಭ, ಎರಡು, ಮೂರು. ಅಕ್ಕಿ ಅಳೆಯುವವರು ಹಾಗೆ ಹೇಳುವುದನ್ನು ನೀವೂ ಕೇಳಿರಬಹುದು. ನಮ್ಮವರು ನೂಲಿಗೂ ಅದನ್ನೇ ಹೇಳುತ್ತಿದ್ದರು. ಇನ್ನೊಂದು ಕಟ್ಟಳೆಯಿತ್ತು, ಎಣಿಸುವವನ ಬಾಯಿಗೆ ಅಡ್ಡ ಹೋಗಬಾರದು. ಬೀಗರು ಬಂದರೂ ಬೀದಿಯ ತಿರುವಿನಲ್ಲಿ ನಿಂತು ಕಾಯಬೇಕು. ಸಾವಿನ ಸುದ್ದಿ ತಂದವನೂ ಎಣಿಕೆ ಮುಗಿಯುವವರೆಗೆ ನಿಂತಿದ್ದನಂತೆ. ಸತ್ತವನಿಗೆ ಅವಸರವೇನಿಲ್ಲ ಎಂದು ನನ್ನಜ್ಜಿ ಅದಕ್ಕೆ ಸಮಾಧಾನ ಸೇರಿಸುತ್ತಿದ್ದಳು.

ಬೀದಿಯಲ್ಲಿ ಚೆನ್ನಾಗಿ ಎಣಿಕೆ ಕೂಗುತ್ತಿದ್ದವನು ನಂಜಪ್ಪ. ನನ್ನ ವಾರಿಗೆಯವನು. ಇಬ್ಬರೂ ಒಟ್ಟಿಗೆ ಹೈಸ್ಕೂಲು ಮುಗಿಸಿದೆವು. ಮುಗಿಸಿ ಅವನು ಮಗ್ಗದ ಕೆಳಗೆ ತೋಡಿದ ಗುಂಡಿಯೊಳಗೆ ಕಾಲಿಟ್ಟು ನೇಯಲು ಕೂತ, ನಾನು ಮನೆಯ ಜಗಲಿಯ ಮೇಲೆ ಕೂತೆ. ಕೆಲಸ ಹುಡುಕುತ್ತಿದ್ದೇನೆ ಎಂದು ಅದಕ್ಕೆ ಹೆಸರು.

ಆಗ ಬೀದಿಗೆ ಒಂದು ಸುದ್ದಿ ಬಂತು. ಹತ್ತಿರದ ಮಿಲ್ಲಿನಲ್ಲಿ ಹಾಜರಿ ಆಫೀಸಿಗೆ ಒಬ್ಬ ಗುಮಾಸ್ತ ಬೇಕು. ಈ ಸಲ ಶಿಫಾರಸು ನಡೆಯದು, ಹೊಸ ಆಫೀಸರು ಮನಗಣಿತದ ಪರೀಕ್ಷೆ ಇಡುತ್ತಾರಂತೆ. ಲೆಕ್ಕವನ್ನು ಬಾಯಲ್ಲಿ ಹೇಳುತ್ತಾರೆ, ಉತ್ತರವನ್ನು ಮಾತ್ರ ಬರೆಯಬೇಕು. ನಂಜಪ್ಪ ನಮ್ಮ ಮನೆಗೆ ಓಡಿಬಂದ.

"ನೋಡ್ಡಾ, ನಮ್ ತಾತ ಗುಂಡೀಲಿ ಕಾಲಿಟ್ಟೇ ಸತ್ತ. ನಮ್ಮಪ್ಪಂಗೆ ಈಗ ಮಂಡಿ ನೀಟಾಗಲ್ಲ. ನನ್ ಕಾಲು ಒಂದ್ ಮೇಜಿನ ಕೆಳಗೆ ಇರಬೇಕುಡಾ, ಅಷ್ಟೇ ಪೋದುಂ, ಸಾಕು."

ಒಳಗಿನಿಂದ ನನ್ನ ತಂಗಿ ಲಚ್ಚಿ, "ಮೇಜಿನ ಕೆಳಗೆ ನಾಯೂ ಇರುತ್ತೆ," ಎಂದಳು. ನಂಜಪ್ಪನ ಮುಖ ಕೆಂಪಾಯಿತು. ಆ ಮಾತಿನಲ್ಲಿ ಎಷ್ಟು ಸಲಿಗೆಯಿತ್ತೆಂದು ನನಗೆ ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಬ್ಬರೂ ತಯಾರಿಗೆ ಕೂತೆವು. ಕೂತೆವು ಎನ್ನುವುದು ಸುಳ್ಳು, ನಡೆದೆವು. ಸಂಜೆಯ ಹೊತ್ತು ಕೆರೆಯ ಏರಿಯ ಮೇಲೆ ನಡೆಯುತ್ತಾ ಒಬ್ಬರಿಗೊಬ್ಬರು ಲೆಕ್ಕ ಎಸೆಯುವುದು. ನಲವತ್ತನೇ ನಂಬರು ನೂಲು, ಹತ್ತು ಪೌಂಡಿನ ಕಟ್ಟು, ಒಳಗೆ ಎಷ್ಟು ಲಡಿ? ನಂಬರು ಎಂದರೆ ಪೌಂಡಿಗೆ ಇಷ್ಟು ಲಡಿ, ಇಷ್ಟು ನೂಲಿನ ಸುರುಳಿ ಎಂದೇ ಅರ್ಥವಾದ್ದರಿಂದ ನೇಕಾರರ ಮಕ್ಕಳಿಗೆ ಇದು ಬಾಳೆಹಣ್ಣು ಸುಲಿದ ಹಾಗೆ. ನಾನು ಆ ಬಾಳೆಹಣ್ಣನ್ನೂ ಸಿಪ್ಪೆಯ ಸಮೇತ ನುಂಗುವವನು. ಬೆರಳು ಮಡಿಸಿ ಆಕಾಶ ನೋಡುತ್ತಿದ್ದೆ. ನಂಜಪ್ಪ ಮಾತ್ರ, "ಲಾಭ," ಎಂದು ಒಂದುಸಿರು ಎಳೆದು, ಏನೋ ಗುನುಗಿ ಉತ್ತರ ಇಳಿಸುತ್ತಿದ್ದ. ಭಾಗಾಕಾರವಿರಲಿ ಬಡ್ಡಿಯಿರಲಿ, ಮೊದಲು ಲಾಭ. ತೆಂಗಿನಕಾಯಿ ಒಡೆಯದೆ ಹೊಸ ಮಗ್ಗ ಹೂಡಬಾರದು ಎನ್ನುವ ಹಾಗೆ. ಬಾಯಿ ಮುಚ್ಚಿಸಿದರೆ ಅವನಿಗೆ ಲೆಕ್ಕವೇ ಇಲ್ಲ. ಒಂದು ಸಲ ಆಟಕ್ಕೆಂದು ಅವನ ಬಾಯನ್ನು ಕೈಯಿಂದ ಮುಚ್ಚಿದೆ. ಏಳೆಂಟ್ಲ ಎಷ್ಟು ಎನ್ನುವುದಕ್ಕೂ ಕಣ್ಣು ಕಣ್ಣು ಬಿಟ್ಟ. ಇಬ್ಬರೂ ಏರಿಯ ಮೇಲೆ ಬಿದ್ದು ನಕ್ಕಿದ್ದೆವು.

ನನ್ನ ಚಿಕ್ಕಪ್ಪ ಅದೇ ಮಿಲ್ಲಿನಲ್ಲಿ ನೂಲಿನ ಕಟ್ಟು ತೂಗುವ ಕೆಲಸದಲ್ಲಿದ್ದ. ಪರೀಕ್ಷೆ ಹತ್ತಿರವಾದಾಗ ಅವನು ನನ್ನನ್ನು ಹಿತ್ತಲಿಗೆ ಕರೆದ. "ಕೇಳ್ಡಾ. ಈ ಆಫೀಸರು ಪೋನ ವಾಟಿ, ಹೋದ್ಸಲ, ಬೇರೆ ಮಿಲ್ಲಲ್ಲಿ ಪರೀಕ್ಷೆ ಇಟ್ಟಾಗ ನಮ್ಮ ಕಡೆ ಹುಡುಗ್ರು ಗೊಣ ಗೊಣ ಅಂತ ಲೆಕ್ಕ ಹಾಕಿದ್ರಂತೆ. ಪಕ್ಕದೋನು ಕೇಳ್ಕೊಂಡು ಬರ್ದುಬುಟ್ಟ. ಈಗ ಬಾಯಿ ಅಸಂಗುಚ್ಚು, ತುಟಿ ಅಲುಗ್ತು ಅಂದ್ರೆ ಎಳ್ದು ಹೊರಗೆ ಹಾಕ್ತಾರೆ. ಮುನ್ನಾಡಿ, ಮೊದ್ಲೇ ಹೇಳೋದೂ ಇಲ್ಲ. ಪತ್ತಿರಂ, ಹುಷಾರು."

ನಂಜಪ್ಪನಿಗೆ ಹೇಳಲು ಹೊರಟೆ. ನಂಬಿ, ಹೇಳಲೆಂದೇ ಹೊರಟೆ. ಅವನು ಬೀದಿಯಲ್ಲಿ ಹಾಸಿನ ತುದಿ ಹಿಡಿದು ಎಣಿಕೆ ಕೂಗುತ್ತಿದ್ದ. ಎಣಿಸುವವನ ಬಾಯಿಗೆ ಅಡ್ಡ ಹೋಗಬಾರದಲ್ಲ? ನಾನು ಹುಣಿಸೆ ಮರದ ಕೆಳಗೆ ನಿಂತು ಕಾದೆ. ಆ ದನಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಕೇಳುತ್ತಾ ಕೇಳುತ್ತಾ ನನಗೊಂದು ವಿಷಯ ಹೊಳೆಯಿತು, ಬೇಕಾಗಿರುವುದು ಒಬ್ಬನೇ ಗುಮಾಸ್ತ. ಎಣಿಕೆ ಮುಗಿಯುವ ಮೊದಲೇ ಮನೆಗೆ ಹಿಂತಿರುಗಿದೆ. ಸಂಜೆ ಏರಿಯ ಮೇಲೆ ಸಿಕ್ಕಿದ, ಆಗಲೂ ಹೇಳಲಿಲ್ಲ. ಮರುದಿನವೂ ಇಲ್ಲ. ನಾನು ಮಾತ್ರ ಒಂದು ಹುಣಿಸೆಬೀಜವನ್ನು ನಾಲಿಗೆಯ ಕೆಳಗಿಟ್ಟುಕೊಂಡು ತುಟಿ ಅಲುಗಿಸದೆ ಲೆಕ್ಕ ಮಾಡುವುದನ್ನು ಕಲಿಯತೊಡಗಿದೆ.

"ಬಾಯಲ್ಲೇನುಡಾ?" ಎಂದು ನಂಜಪ್ಪ ಕೇಳಿದ.

"ಹಲ್ಲು ನೋವು."

ಅವನು ಮನೆಗೆ ಹೋಗಿ ಲವಂಗ ತಂದುಕೊಟ್ಟ.

ಪರೀಕ್ಷೆಯ ಕೋಣೆಯಲ್ಲಿ ಬೆಂಚುಗಳಿದ್ದವು. ನಂಜಪ್ಪ ನನ್ನ ಮುಂದಿನ ಬೆಂಚಿನಲ್ಲಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿಯ ಅಂಗಿ, ಅದರ ಬೆನ್ನು ಆಗಲೇ ಬೆವರಿಗೆ ಅಂಟಿತ್ತು. ಆಫೀಸರು ಮೊದಲ ಲೆಕ್ಕ ಓದಿದರು. ನೂಲಿನ ಲೆಕ್ಕವೇ. ಓದಿ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಬೀದಿಯಲ್ಲಿ ಕೂಗುವಷ್ಟೇ ಸ್ಪಷ್ಟವಾಗಿ ಕೇಳಿಸಿತು, "ಲಾಭ."

"ಯಾರಪ್ಪಾ ಅದು? ಎಳುಂದಿರು," ಎಂದರು ಆಫೀಸರು.

ನಂಜಪ್ಪ ಎದ್ದು ನಿಂತ. "ಮನ್ನಿಚ್ಚಿರುಂಗ ಸಾರ್. ಇನಿ ಪೇಸಮಾಟ್ಟೇನ್." ಇನ್ನು ಮಾತಾಡುವುದಿಲ್ಲ ಎಂದು ಕೈಮುಗಿದ. ಆಫೀಸರು ಬಾಗಿಲು ತೋರಿಸಿದರು. ಯಾರೋ ಹಿಂದಿನಿಂದ, "ಲಾಬಂ ಪೋಚ್ಚು!" ಎಂದರು, ಲಾಭ ಹೋಯಿತೆಂದು ಎಲ್ಲರೂ ನಕ್ಕರು. ಬಾಗಿಲ ಬಳಿ ಅವನು ತಿರುಗಿ ನನ್ನ ಕಡೆ ನೋಡಿದ. ನನ್ನ ಬಾಯಿಯೂ ಹಾಗೇ ಆಡಿಬಿಟ್ಟೀತು, ಜೋಪಾನ ಎನ್ನುವಂತೆ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಹೋದ.

ಕೆಲಸ ನನಗೆ ಸಿಕ್ಕಿತು. ಅವನಿದ್ದಿದ್ದರೆ ಸಿಗುತ್ತಿರಲಿಲ್ಲ. ಹೇಳಿದ್ದರೂ ಅಷ್ಟು ಬೇಗ ಅವನ ಬಾಯಿ ಕಟ್ಟಲು ಆಗುತ್ತಿತ್ತೇ ಎಂದು ಎಷ್ಟೋ ಸಲ ನನಗೆ ನಾನೇ ವಕೀಲನಾಗಿ ವಾದಿಸಿದ್ದೇನೆ. ವಕೀಲನ ಮಾತು ಕೇಳಲು ಚೆನ್ನಾಗಿರುತ್ತದೆ, ಅಷ್ಟೇ.

ಇನ್ನೊಂದು ಹೇಳಿಬಿಡುತ್ತೇನೆ. ಮಿಲ್ಲಿನ ಕೆಲಸವಿಲ್ಲದ ನಂಜಪ್ಪನಿಗೆ ಲಚ್ಚಿಯನ್ನು ಕೊಡಲು ಅಪ್ಪ ಹಿಂದೆಗೆದರು. ನಾನು ಹಟ ಹಿಡಿದು ಮದುವೆ ಮಾಡಿಸಿದೆ. ಗೆಳೆಯನೆಂದರೆ ಹೀಗಿರಬೇಕು ಎಂದು ಬೀದಿಯೇ ಹೊಗಳಿತು. ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ. ಮುಂದೆ ಅವರು ಪಲ್ಲಡಂ ಕಡೆಗೆ ಹೋದರು. ನಾನು ಹೋದಾಗಲೆಲ್ಲ ಆ ಮನೆಯಲ್ಲಿ ಎಣಿಕೆ ಕೂಗುತ್ತಿದ್ದವಳು ಲಚ್ಚಿ. ನಂಜಪ್ಪ ಆ ತುದಿಯಲ್ಲಿ ತಲೆಯಾಡಿಸುತ್ತಿದ್ದ. "ಈ ಮನೇಲಿ ಹೆಂಡ್ತಿ ರಾಜ್ಯ!" ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನು ನಗುತ್ತಿದ್ದ. ಅವನ ಕಾಲು ಕೊನೆಯವರೆಗೂ ಗುಂಡಿಯೊಳಗೇ ಇತ್ತು.

ಮೊಮ್ಮಗಳಿಗೆ ಗದರಿದ ಮರುದಿನ ಪಲ್ಲಡಂಗೆ ಹೋದೆ. ಲಚ್ಚಿ ಮಗ ಮುರುಗೇಶನ ಮನೆಯಲ್ಲಿದ್ದಾಳೆ. ಅವನದು ಪವರ್‌ಲೂಮ್ ಷೆಡ್ಡು, ಮನೆಯ ಪಕ್ಕದಲ್ಲೇ. ಆ ಸದ್ದಿನ ನಡುವೆ ತಂಗಿಗೆ ಎಲ್ಲ ಹೇಳಿದೆ. ಚಿಕ್ಕಪ್ಪ, ಹುಣಿಸೆಬೀಜ, ಲವಂಗ, ಎಲ್ಲ.

"ಅವತ್ತಿಂದ ಅವರು ಬಾಯಿ ಬಿಟ್ಟು ಎಣಿಸಲೇ ಇಲ್ಲ, ಅಣ್ಣಾ. ನನ್ ಬಾಯಿ ಕೆಟ್ಟ ಬಾಯಿ, ನೀನೇ ಕೂಗು ಅಂದ್ರು. ನೀನು ಅದಕ್ಕೂ ಹೆಂಡ್ತಿ ರಾಜ್ಯ ಅಂತ ಕೇಲಿ ಪಣ್ಣಿದೆ."

"ಬೈದುಬಿಡು ಲಚ್ಚಿ."

"ಬೈದ್ರೆ ನಿಂಗೆ ಎದೆ ಮೇಲಿನ ಸುಮೆ ಇಳಿಯುತ್ತೆ. ನಾನು ಯಾಕೆ ಇಳಿಸ್ಲಿ?" ಎಂದಳು. ಆಮೇಲೆ ಷೆಡ್ಡಿನ ಕಡೆ ಕೈ ತೋರಿಸಿದಳು. "ಮುರುಗೇಶ ಇಸ್ಕೂಲು ಬಿಟ್ಟದ್ದು ಯಾತಕ್ಕೆ ಗೊತ್ತಾ? ಅಪ್ಪನ್ನೇ ಮೊದಲ್ನೇ ಲೆಕ್ಕಕ್ಕೆ ಹೊರಗೆ ಹಾಕಿದ್ರು, ಇದು ದಡ್ಡರ ವಂಶ, ನಂಗೆಲ್ಲಿ ಕಣಕ್ಕು ವರುಂ, ಲೆಕ್ಕ ಎಲ್ಲಿ ಬರುತ್ತೆ ಅಂತ. ತಲೆ ನೆರೆತು ಹೋಯ್ತು, ಈಗ್ಲೂ ಅದನ್ನೇ ಹೇಳ್ತಾನೆ. ನಂಗ್ಯಾಕೆ ಹೇಳ್ತೀಯ, ಅವನಿಗೆ ಹೇಳು."

ಹೇಳಲಿಲ್ಲ. ಅವನು ಟೀ ಕುಡಿಯಲು ಬಂದ, ಮಳೆಯ ಮಾತಾಡಿದೆವು, ನಾನು ಬಸ್ಸು ಹತ್ತಿದೆ. ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ. ಬರೆದು ಅವನಿಗೆ ಕಳಿಸಿದರಾಯಿತು ಎಂದುಕೊಂಡೆ.

ಇವತ್ತು ಇಲ್ಲಿಯವರೆಗೆ ಬರೆದು ಕಾಗದಗಳನ್ನು ಜೋಡಿಸುವಾಗ ನನ್ನ ಜಾಣತನ ನನಗೇ ಕಂಡಿತು. ನಾನು ಚಿಕ್ಕಂದಿನಲ್ಲಿ ಅಮ್ಮನ ತವರು ಕೊಳ್ಳೇಗಾಲದಲ್ಲಿದ್ದು ಕನ್ನಡ ಅಕ್ಷರ ಕಲಿತವನು. ಮುರುಗೇಶನಿಗೆ ಕನ್ನಡ ಮನೆಯ ಮಾತು ಮಾತ್ರ, ಒಂದಕ್ಷರವೂ ಓದಲು ಬಾರದು. ಕೈಗೆ ಬಂದ ಭಾಷೆಗಳಲ್ಲಿ ಅವನಿಗೆ ತಲುಪದ ಒಂದನ್ನೇ ಹುಡುಕಿ ನಾನು ಇಷ್ಟು ಪುಟ ಬರೆದಿದ್ದೆ.

ಫೋನು ಮಾಡಿದೆ. ಆ ಕಡೆ ಮಗ್ಗಗಳ ಅಬ್ಬರ.

"ಮಾಮಾ, ಒಂದೂ ಕೇಳಲ್ಲೆ! ತರಿ ಓಡ್ತಾ ಐತೆ. ವಾಟ್ಸಾಪಲ್ಲಿ ಎಳುದಿ ಕಳ್ಸಿ!"

"ಬರೆಯೋದಲ್ಲಪ್ಪಾ. ತರಿ ನಿಲ್ಸು."

"ಎಲ್ಲಾನೂವಾ? ಯಾಕೆ ಮಾಮಾ, ಒಡಂಬು ಹುಷಾರಿಲ್ವಾ?"

"ಎಲ್ಲಾನೂ ನಿಲ್ಸು."

ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ಕೊನೆಯದು ಎಳೆದೆಳೆದು ನಿಂತಿತು. ಅವನ ಉಸಿರು ಕೇಳಿಸುವಷ್ಟು ನಿಶ್ಶಬ್ದವಾಯಿತು.

"ಈಗ ಹೇಳಿ ಮಾಮಾ."

"ಮುರುಗೇಶಾ," ಎಂದೆ, "ನಿಮ್ಮಪ್ಪನಿಗೆ ಲೆಕ್ಕ ಬರ್ತಿತ್ತು. ನನಗಿಂತ ಚೆನ್ನಾಗಿ ಬರ್ತಿತ್ತು."